ಹಳೆಯ ಫೋರ್ ವೀಲ್ ಡ್ರೈವ್ ಗಾಡಿ: ಎತ್ತರಿಸುವ ಮೊದಲು ಏನೇನು ಬಿಗಿಯಾಗಬೇಕು?

ಪ್ರಶ್ನೆ: ಇಪ್ಪತ್ತೈದು ವರ್ಷ ಹಳೆಯ ಪೆಟ್ರೋಲ್ ಫೋರ್ ವೀಲ್ ಡ್ರೈವ್ ಗಾಡಿಯೊಂದನ್ನು ಕೊಂಡಿದ್ದೇನೆ. ಹಿಂದೆ ಮುಂದೆ ಎರಡೂ ಕಡೆ ಒಂದೇ ತುಂಡಿನ ಆಕ್ಸಲ್ (ಎರಡು ಚಕ್ರಗಳನ್ನು ಸೇರಿಸುವ ಅಚ್ಚು) ಮತ್ತು ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಕಟ್ಟು) ಇವೆ. ಈಗಿರುವ ಟೈರ್ 205/70 ಆರ್15. ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಣ್ಣ ಹಳ್ಳಕ್ಕೆ ಚಕ್ರ ಇಳಿದರೂ ಸ್ಟೀರಿಂಗ್ ಗಡಗಡ ನಡುಗುತ್ತದೆ. ಮುಂದಿನ ಬಲಗಡೆ ಚಕ್ರದ ಒಳಮೈಯಲ್ಲಿ ಕಪ್ಪು ಎಣ್ಣೆ ಹರಡಿಕೊಂಡಿದೆ. ಫೋರ್ ವೀಲ್ ಹಾಕಿ ಟಾರ್ ರಸ್ತೆಯಲ್ಲಿ ತಿರುಗಿಸಿದರೆ ಗಾಡಿಯನ್ನು ಯಾರೋ ಹಿಡಿದು ಎಳೆದ ಹಾಗಾಗುತ್ತದೆ, ಆಮೇಲೆ ಲಿವರ್ ಹೊರಗೆ ಬರುವುದೇ ಇಲ್ಲ. ಕಾಡು, ಕಲ್ಲು, ಕೆಸರಿನ ದಾರಿಗೆಂದು 2 ಇಂಚು ಲಿಫ್ಟ್ ಮಾಡಿಸಿ 235/75 ಆರ್15 ಟೈರ್ ಹಾಕಿಸಬೇಕೆಂದಿದ್ದೇನೆ. ಯಾವುದನ್ನು ಮೊದಲು ಮಾಡಲಿ?

ಉತ್ತರ: ಲಿಫ್ಟ್ ಕೊನೆಗೆ. ಈಗಿರುವ ಎತ್ತರದಲ್ಲೇ ನಡುಗುವ ಸ್ಟೀರಿಂಗ್, 2 ಇಂಚು ಎತ್ತರಿಸಿ ಭಾರದ ಟೈರ್ ಹಾಕಿದ ಮೇಲೆ ಕೈಗೆ ಸಿಗದ ಹಾಗೆ ನಡುಗುತ್ತದೆ. ಮೊದಲು ಗಾಡಿಯನ್ನು ಕಾರ್ಖಾನೆಯಿಂದ ಬಂದಾಗ ಇದ್ದ ಸ್ಥಿತಿಗೆ ತನ್ನಿ. ಹಾಗೆ ತಂದ ಗಾಡಿ ಏನನ್ನೂ ಬದಲಿಸದೆಯೇ ನೀವು ಹೇಳಿದ ದಾರಿಗಳಲ್ಲಿ ಬಹುಪಾಲನ್ನು ದಾಟುತ್ತದೆ.

ನಿಮ್ಮ ಮೂರು ದೂರುಗಳಲ್ಲಿ ಮೂರನೆಯದು ದೋಷವಲ್ಲ. ನಿಮ್ಮದು ಬೇಕಾದಾಗ ಮಾತ್ರ ಮುಂದಿನ ಆಕ್ಸಲ್ ಸೇರಿಸಿಕೊಳ್ಳುವ ವ್ಯವಸ್ಥೆ. ಗೇರ್‌ಬಾಕ್ಸ್‌ನ ಬಲವನ್ನು ಎರಡೂ ಆಕ್ಸಲ್‌ಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಒಳಗೆ, ಮುಂದಿನ ಹಿಂದಿನ ಶಾಫ್ಟ್‌ಗಳು ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. ಮಣ್ಣಿನಲ್ಲಾದರೆ ಟೈರ್ ಸ್ವಲ್ಪ ಜಾರಿ ಆ ವ್ಯತ್ಯಾಸ ತೀರಿಹೋಗುತ್ತದೆ. ಟಾರಿನಲ್ಲಿ ಜಾರಲು ಆಗದೆ ಶಾಫ್ಟ್, ಗೇರ್‌ಗಳೆಲ್ಲ ತಿರುಚಿಕೊಂಡು ಬಿಗಿಯುತ್ತವೆ. ಲಿವರ್ ಸಿಕ್ಕಿಹಾಕಿಕೊಳ್ಳುವುದು ಆ ಬಿಗುವಿನಿಂದಲೇ. ಕಾಲಿಟ್ಟು ಒದೆಯಬೇಡಿ, ನೇರವಾಗಿ ನಾಲ್ಕೈದು ಮೀಟರ್ ಹಿಂದಕ್ಕೆ ಹೋಗಿ, ಬಿಗಿ ಸಡಿಲವಾಗಿ ಲಿವರ್ ತಾನಾಗಿ ಬರುತ್ತದೆ. ಇನ್ನು ಮುಂದೆ ಗಟ್ಟಿ ನೆಲದಲ್ಲಿ ಫೋರ್ ವೀಲ್ ಹಾಕಬೇಡಿ. ಆದರೆ ತಿಂಗಳಿಗೊಮ್ಮೆ ಮಣ್ಣಿನ ದಾರಿಯಲ್ಲಿ ಹತ್ತು ಹದಿನೈದು ಕಿ.ಮೀ. ಹಾಕಿ ಓಡಿಸಿ. ಮುಂದಿನ ಡಿಫರೆನ್ಷಿಯಲ್‌ನ ಎಣ್ಣೆ ಎಲ್ಲ ಕಡೆ ತಾಗಿ ಸೀಲ್‌ಗಳು ಒಣಗದೆ ಉಳಿಯುತ್ತವೆ.

ಚಕ್ರದ ಹಬ್‌ನಲ್ಲಿ (ನಡುಭಾಗದಲ್ಲಿ) ಚಕ್ರವನ್ನು ಆಕ್ಸಲ್ ಶಾಫ್ಟ್‌ಗೆ ಸೇರಿಸುವ, ಕೈಯಿಂದ ತಿರುಗಿಸುವ ಲಾಕ್ ಇದ್ದರೆ ಎರಡೂ ಕೆಲಸ ಮಾಡುತ್ತಿವೆಯೇ ಎಂದು ನೋಡಿಕೊಳ್ಳಿ. ಮುಂದಿನ ಎರಡೂ ಚಕ್ರ ಎತ್ತಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಫೋರ್ ವೀಲ್ ಹಾಕಿ, ಹಬ್ ಲಾಕ್ ಮಾಡಿ ಒಂದು ಚಕ್ರವನ್ನು ಕೈಯಿಂದ ತಿರುಗಿಸಿ. ಇನ್ನೊಂದು ಎದುರು ದಿಕ್ಕಿಗೆ ತಿರುಗಬೇಕು. ತಿರುಗದಿದ್ದರೆ ಒಂದು ಹಬ್ ಹಿಡಿಯುತ್ತಿಲ್ಲ ಅಥವಾ ಒಳಗಿನ ಶಾಫ್ಟ್ ತುಂಡಾಗಿದೆ. ಒಂದು ಕಡೆ ಹಿಡಿಯದಿದ್ದರೂ ಮುಂದಿನ ಆಕ್ಸಲ್‌ನಿಂದ ಎಳೆತ ಪೂರ್ತಿ ಸೊನ್ನೆ, ಏಕೆಂದರೆ ಡಿಫರೆನ್ಷಿಯಲ್ ಬಲವನ್ನೆಲ್ಲ ಖಾಲಿ ಸುತ್ತುವ ಕಡೆಗೇ ಬಿಟ್ಟುಕೊಡುತ್ತದೆ.

ಉಳಿದ ಎರಡು ದೂರುಗಳು ನಿಜವಾದವು, ಮತ್ತು ಎರಡಕ್ಕೂ ಒಂದೇ ಜಾಗ ಕಾರಣವಾಗಿರುವ ಸಾಧ್ಯತೆ ಹೆಚ್ಚು: ಮುಂದಿನ ಆಕ್ಸಲ್‌ನ ತುದಿಯಲ್ಲಿರುವ ನಕಲ್. ಆಕ್ಸಲ್ ಕೊಳವೆಯ ತುದಿಯಲ್ಲಿ ಒಂದು ಟೊಳ್ಳು ಗೋಲ, ಅದನ್ನು ಅಪ್ಪಿಕೊಂಡು ತಿರುಗುವ ನಕಲ್, ಅದು ಎಡಬಲ ತಿರುಗಲು ಮೇಲೆ ಕೆಳಗೆ ಒಂದೊಂದು ಕಿಂಗ್ ಪಿನ್ ಬೇರಿಂಗ್, ಒಳಗೆ ಗ್ರೀಸಿನಲ್ಲಿ ಮುಳುಗಿದ ಸಿವಿ ಜಾಯಿಂಟ್ (ಚಕ್ರ ತಿರುಗಿದಾಗಲೂ ಬಲ ಸಾಗಿಸುವ ಶಾಫ್ಟ್‌ನ ಕೀಲು). ಕೊಳವೆಯ ತುದಿಯ ಆಯಿಲ್ ಸೀಲ್ ಸವೆದರೆ ಡಿಫರೆನ್ಷಿಯಲ್ ಎಣ್ಣೆ ನಕಲ್ ಒಳಗೆ ನುಗ್ಗಿ, ಗ್ರೀಸ್ ಕರಗಿ ಕಪ್ಪು ಗಂಜಿಯಂತಾಗಿ, ಗೋಲವನ್ನು ಒರೆಸುವ ಫೆಲ್ಟ್ ಸೀಲ್ ದಾಟಿ ಹೊರಗೆ ಬರುತ್ತದೆ. ಚಕ್ರದ ಒಳಮೈಯಲ್ಲಿ ನೀವು ಕಂಡದ್ದು ಇದೇ. ಆ ಎಣ್ಣೆ ಡಿಸ್ಕ್ ಪ್ಯಾಡ್ ಅಥವಾ ಬ್ರೇಕ್ ಶೂ ಮೇಲೆ ಬಿದ್ದರೆ ಬ್ರೇಕ್ ಒಂದು ಕಡೆಗೆ ಎಳೆಯತೊಡಗುತ್ತದೆ, ಆದ್ದರಿಂದ ಇದನ್ನು ಮುಂದೂಡಬೇಡಿ.

ಬಿಚ್ಚುವ ಮೊದಲು ಆಕ್ಸಲ್‌ನ ಬ್ರೀದರ್ ನೋಡಿ. ಕೊಳವೆಯ ಮೇಲೆ ಕೂತ ಈ ಪುಟ್ಟ ಮೂತಿ ಕೆಸರಿನಿಂದ ಮುಚ್ಚಿಹೋಗಿದ್ದರೆ, ಓಡಿ ಬಿಸಿಯಾದ ಆಕ್ಸಲ್‌ನ ಒಳಗಿನ ಗಾಳಿ ಹೊರಬರಲು ದಾರಿಯಿಲ್ಲದೆ ಎಣ್ಣೆಯನ್ನು ಸೀಲ್ ಮೂಲಕ ತಳ್ಳುತ್ತದೆ. ಹೊಸ ಸೀಲ್ ಹಾಕಿಯೂ ಬ್ರೀದರ್ ಮುಚ್ಚಿದ್ದರೆ ಕೆಲವೇ ವಾರದಲ್ಲಿ ಮತ್ತೆ ಸೋರುತ್ತದೆ. ಇದರ ತಿರುಗುಮುರುಗು ಹಳ್ಳ ದಾಟುವಾಗ ನಡೆಯುತ್ತದೆ: ಬಿಸಿ ಆಕ್ಸಲ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ ನೀರನ್ನು ಒಳಗೆ ಹೀರುತ್ತದೆ. ಎರಡಕ್ಕೂ ಪರಿಹಾರ ಒಂದೇ. ಬ್ರೀದರ್ ಜಾಗದಲ್ಲಿ ಕೊಳವೆ ಸಿಕ್ಕಿಸುವ ಮೂತಿ ಹಾಕಿ, ಎಣ್ಣೆ ತಡೆಯುವ ರಬ್ಬರ್ ಹೋಸ್ ಜೋಡಿಸಿ, ಇಂಜಿನ್ ಕೋಣೆಯ ಮೇಲ್ಭಾಗದವರೆಗೆ ಒಯ್ದು, ತುದಿಯಲ್ಲಿ ಸಣ್ಣ ಫಿಲ್ಟರ್ ಇಡಿ. ಎರಡೂ ಆಕ್ಸಲ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ನಾಲ್ಕಕ್ಕೂ ಮಾಡಿ. ಆಕ್ಸಲ್ ಪೂರ್ತಿ ಕೆಳಗೆ ಜೋತಾಗ ಎಳೆದುಕೊಳ್ಳದಷ್ಟು ಹೋಸ್ ಸಡಿಲವಿರಲಿ. ಆಫ್‌ರೋಡ್‌ಗೆಂದು ಮಾಡಬೇಕಾದ ಮೊದಲ ಬದಲಾವಣೆ ಇದು; ಅರ್ಧ ದಿನದ ಕೆಲಸ.

ನಕಲ್ ಬಿಚ್ಚುವಾಗ ಎರಡೂ ಕಡೆ ಒಟ್ಟಿಗೆ ಮಾಡಿಸಿ. ಬಲಗಡೆಯ ಸೀಲ್‌ಗೆ ವಯಸ್ಸಾಗಿದ್ದರೆ ಎಡಗಡೆಯದಕ್ಕೂ ಅಷ್ಟೇ ವಯಸ್ಸು. ಡಿಸ್ಕ್ ಬ್ರೇಕ್ ಇದ್ದರೆ ಕ್ಯಾಲಿಪರ್ ಅನ್ನು ತಂತಿಯಿಂದ ಸ್ಪ್ರಿಂಗ್‌ಗೆ ಕಟ್ಟಿ, ಬ್ರೇಕ್ ಹೋಸ್‌ನಲ್ಲಿ ನೇತಾಡಲು ಬಿಡಬೇಡಿ. ಕಿಂಗ್ ಪಿನ್ ಕ್ಯಾಪ್‌ಗಳ ಅಡಿಯ ಶಿಮ್‌ಗಳನ್ನು (ತೆಳು ತಗಡಿನ ಬಿಲ್ಲೆಗಳನ್ನು) ಮೇಲಿನದು, ಕೆಳಗಿನದು ಎಂದು ಬೇರೆ ಬೇರೆ ಕಟ್ಟಿಡಿ. ಅದಲುಬದಲಾದರೆ ಶಾಫ್ಟ್ ಗೋಲದ ನಟ್ಟನಡುವೆ ನಿಲ್ಲದೆ ಹೊಸ ಆಯಿಲ್ ಸೀಲ್‌ನ ಒಂದು ಅಂಚನ್ನು ತಿನ್ನುತ್ತದೆ. ಹೊಸ ಸೀಲ್ ಕೂಡಿಸಿದ ಮೇಲೆ ಶಾಫ್ಟ್ ಅನ್ನು ಎತ್ತಿ ಹಿಡಿದುಕೊಂಡೇ ಒಳಗೆ ತಳ್ಳಿ. ಅದರ ಭಾರ ಸೀಲ್‌ನ ತುಟಿಯ ಮೇಲೆ ಬಿದ್ದರೆ ಅಲ್ಲೇ ಹರಿಯುತ್ತದೆ. ಗೋಲದ ಮೇಲ್ಮೈಯಲ್ಲಿ ತುಕ್ಕಿನ ಗುಳಿಗಳಿದ್ದರೆ ಲೋಹದ ಎಪಾಕ್ಸಿಯಿಂದ ತುಂಬಿ ನುಣ್ಣಗೆ ಉಜ್ಜಿ, ಇಲ್ಲವಾದರೆ ಹೊಸ ಫೆಲ್ಟ್ ಬೇಗ ಹರಿಯುತ್ತದೆ. ಪೂರ್ತಿ ಸ್ಟೀರಿಂಗ್ ತಿರುಗಿಸಿ ಹೋಗುವಾಗ ಟಕ್ ಟಕ್ ಸದ್ದು ಬರುತ್ತಿದ್ದರೆ ಸಿವಿ ಜಾಯಿಂಟ್ ಸವೆದಿದೆ. ಇದೇ ಸಂದರ್ಭದಲ್ಲಿ ಬದಲಿಸಿ. ಮುಚ್ಚುವಾಗ ಮಾಲಿಬ್ಡಿನಮ್ ಇರುವ ಲಿಥಿಯಂ ಗ್ರೀಸನ್ನು ಸಿವಿ ಜಾಯಿಂಟ್ ಒಳಗೆ ಒತ್ತಿ ತುಂಬಿ, ನಕಲ್ ಪೊಳ್ಳಿನ ಮುಕ್ಕಾಲು ಭಾಗ ತುಂಬಿದರೆ ಸಾಕು.

ಈಗ ನಡುಕ. ಅನೇಕ ಕಡೆ ಇದಕ್ಕೆ ಮೊದಲು ಸ್ಟೀರಿಂಗ್ ಡ್ಯಾಂಪರ್ (ಸ್ಟೀರಿಂಗ್‌ನ ನಡುಕ ಹೀರುವ ಶಾಕ್ ಅಬ್ಸಾರ್ಬರ್) ಬದಲಿಸುತ್ತಾರೆ. ನಡುಕ ಎರಡು ತಿಂಗಳು ಅಡಗಿ ಕೂರುತ್ತದೆ, ಸವೆತ ಒಳಗೇ ಬೆಳೆಯುತ್ತದೆ, ಆಮೇಲೆ ಇನ್ನೂ ಜೋರಾಗಿ ಬರುತ್ತದೆ. ಕಾರಣ ಹುಡುಕುವ ಕ್ರಮ ಹೀಗಿರಲಿ. ಮೊದಲು ಮುಂದಿನ ಟೈರ್‌ಗಳ ಉಬ್ಬು, ಬ್ಯಾಲೆನ್ಸ್, ರಿಮ್‌ನ ಸೊಟ್ಟ ನೋಡಿ. ಆಮೇಲೆ ಒಂದು ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಟೈರಿನ ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಾಡಿಸಿ. ಪ್ಲೇ (ಸಡಿಲ ಅಲುಗಾಟ) ಕಂಡರೆ ಇನ್ನೊಬ್ಬರಿಗೆ ಬ್ರೇಕ್ ಪೆಡಲ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಾಡಿಸಿ. ಬ್ರೇಕ್ ಒತ್ತಿದಾಗ ಹಬ್ ಮತ್ತು ನಕಲ್ ಒಂದೇ ತುಂಡಾಗುತ್ತವೆ. ಆದ್ದರಿಂದ ಪ್ಲೇ ಮಾಯವಾದರೆ ಅದು ಚಕ್ರದ ಬೇರಿಂಗ್‌ನದು, ಹಾಗೇ ಉಳಿದರೆ ಕಿಂಗ್ ಪಿನ್ ಬೇರಿಂಗ್‌ನದು. ಈ ಒಂದು ಪರೀಕ್ಷೆ ಎಷ್ಟೋ ಬಿಡಿಭಾಗಗಳ ಖರ್ಚು ಉಳಿಸುತ್ತದೆ.

ಕಿಂಗ್ ಪಿನ್ ಬೇರಿಂಗ್‌ಗಳ ಒಂದು ವಿಶೇಷ ತಿಳಿದಿರಲಿ. ಇವು ಪೂರ್ತಿ ಸುತ್ತುವುದಿಲ್ಲ; ವರ್ಷಗಟ್ಟಲೆ ನೇರ ಓಡುವಾಗ ಅದೇ ಜಾಗದಲ್ಲಿ ಹೊಡೆತ ತಿಂದು ಬೇರಿಂಗ್‌ನ ಹೊರ ಉಂಗುರದಲ್ಲಿ ರೋಲರ್‌ಗಳ ಅಚ್ಚು ಬೀಳುತ್ತದೆ. ಎರಡು ಕಡೆಯ ನಕಲ್ ಸೇರಿಸುವ ಟೈ ರಾಡ್ ಬಿಡಿಸಿ ನಕಲ್ ಅನ್ನು ಕೈಯಿಂದ ಎಡಬಲ ತಿರುಗಿಸಿದಾಗ ನಟ್ಟನಡುವೆ ಗುಳಿಗೆ ಬಿದ್ದು ಸಿಕ್ಕಂತೆ ಅನ್ನಿಸಿದರೆ ಬೇರಿಂಗ್ ಹೋಗಿದೆ. ಹೊಸದನ್ನು ಹಾಕಿದ ಮೇಲೆ ಶಿಮ್ ಹೆಚ್ಚು ಕಡಿಮೆ ಮಾಡಿ ಬಿಗಿ ಹೊಂದಿಸಬೇಕು. ನಕಲ್‌ನ ತೋಳಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆದು, ತಿರುಗತೊಡಗಲು ಎಷ್ಟು ಕೆ.ಜಿ. ಬೇಕೆಂದು ನೋಡಿ ನಿಮ್ಮ ಮಾದರಿಯ ವರ್ಕ್‌ಶಾಪ್ ಮ್ಯಾನ್ಯುಯಲ್‌ನ ಅಂಕಿಗೆ ಹೋಲಿಸಿ. ಶಿಮ್ ತೆಗೆದರೆ ಬಿಗಿ ಏರುತ್ತದೆ, ಸೇರಿಸಿದರೆ ಇಳಿಯುತ್ತದೆ. ಫೆಲ್ಟ್ ಸೀಲ್ ಹಾಕುವ ಮೊದಲೇ ಇದನ್ನು ಅಳೆಯಿರಿ, ಇಲ್ಲವಾದರೆ ಸೀಲ್‌ನ ಉಜ್ಜಾಟವೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ಚಕ್ರಗಳು ನೆಲದ ಮೇಲಿದ್ದಾಗ, ಇಂಜಿನ್ ಬಂದ್ ಮಾಡಿ, ಒಬ್ಬರು ಸ್ಟೀರಿಂಗ್ ಅನ್ನು ನಾಲ್ಕು ಬೆರಳಿನಷ್ಟು ಎಡಬಲ ಆಡಿಸುತ್ತಿರಲಿ. ಇನ್ನೊಬ್ಬರು ಕೆಳಗೆ ಮಲಗಿ ಡ್ರ್ಯಾಗ್ ಲಿಂಕ್ (ಸ್ಟೀರಿಂಗ್ ಬಾಕ್ಸ್‌ನಿಂದ ಚಕ್ರದ ಕಡೆಗೆ ಹೋಗುವ ಸರಳು), ಟೈ ರಾಡ್ ಎಂಡ್, ಸ್ಟೀರಿಂಗ್ ಬಾಕ್ಸ್‌ನ ತೋಳು ಒಂದೊಂದಕ್ಕೂ ಬೆರಳಿಟ್ಟು ನೋಡಲಿ. ಒಂದು ಕಡೆ ಅಲುಗಿ ಇನ್ನೊಂದು ಕಡೆ ಅಲುಗದ ಕೀಲು ಸವೆದಿದೆ. ಸ್ಟೀರಿಂಗ್ ಬಾಕ್ಸ್ ಚಾಸಿಸ್ ಮೇಲೆಯೇ ಅಲುಗುತ್ತಿದ್ದರೆ ಬೋಲ್ಟ್ ಸಡಿಲವಾಗಿದೆ, ಇಲ್ಲವೇ ಚಾಸಿಸ್ ಅಲ್ಲಿ ಬಿರುಕು ಬಿಟ್ಟಿದೆ. ಸ್ಪ್ರಿಂಗ್‌ನ ಬುಷ್, ಶ್ಯಾಕಲ್ (ಸ್ಪ್ರಿಂಗ್‌ನ ಒಂದು ತುದಿಯನ್ನು ಚಾಸಿಸ್‌ಗೆ ಸೇರಿಸುವ ಓಲಾಡುವ ಕೊಂಡಿ) ಮತ್ತು ಅದರ ಪಿನ್, ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್ ಬಿಟ್ಟುಬಿಡಬೇಡಿ. ಬುಷ್ ಸವೆದರೆ ಇಡೀ ಆಕ್ಸಲ್ ಅಡ್ಡಕ್ಕೆ ಜರುಗುತ್ತದೆ.

ಬಿರುಕಿನ ಮಾತು ಬಂದದ್ದರಿಂದ ಚಾಸಿಸ್‌ನದನ್ನೂ ಇಲ್ಲೇ ಹೇಳುತ್ತೇನೆ. ಇದೊಂದು ಹಾಳಾಗಿದ್ದರೆ ಉಳಿದ ಖರ್ಚೆಲ್ಲ ವ್ಯರ್ಥ. ಕೆಳಗಿನಿಂದ ಚೆನ್ನಾಗಿ ತೊಳೆದು, ಒಣಗಿಸಿ, ಸಣ್ಣ ಸುತ್ತಿಗೆಯಿಂದ ಉದ್ದಕ್ಕೂ ತಟ್ಟುತ್ತಾ ಹೋಗಿ. ಗಟ್ಟಿ ಲೋಹ ಠಣ್ ಎನ್ನುತ್ತದೆ, ತುಕ್ಕು ತಿಂದದ್ದು ಮೊಂಡಾಗಿ ಸದ್ದು ಮಾಡುತ್ತದೆ. ಅನುಮಾನ ಬಂದಲ್ಲಿ ಸ್ಕ್ರೂ ಡ್ರೈವರ್ ಒತ್ತಿ. ಸ್ಪ್ರಿಂಗ್ ಹ್ಯಾಂಗರ್‌ಗಳ ಮೇಲ್ಭಾಗ, ಹಿಂದಿನ ಶ್ಯಾಕಲ್ ಕೂರುವ ಜಾಗ, ಬಾಡಿ ಮೌಂಟ್‌ಗಳು, ಸ್ಟೀರಿಂಗ್ ಬಾಕ್ಸ್ ಸುತ್ತ, ಕ್ರಾಸ್ ಮೆಂಬರ್ ಸೇರುವ ಮೂಲೆ ಇವನ್ನು ವಿಶೇಷವಾಗಿ ನೋಡಿ. ಚಾಸಿಸ್ ತಳದ ನೀರು ಬಸಿಯುವ ತೂತುಗಳಲ್ಲಿ ಕೆಸರು ಗಟ್ಟಿಯಾಗಿದ್ದರೆ ತಂತಿ ಹಾಕಿ ತೆಗೆಯಿರಿ, ತುಕ್ಕು ಶುರುವಾಗುವುದೇ ಅಲ್ಲಿಂದ. ಬಿರುಕಿನ ಮೇಲೆ ನೇರ ವೆಲ್ಡಿಂಗ್ ಎಳೆದರೆ ಪಕ್ಕದಲ್ಲೇ ಮತ್ತೆ ಒಡೆಯುತ್ತದೆ. ಬಿರುಕಿನ ಎರಡೂ ತುದಿಗೆ ತೂತು ಕೊರೆದು, ಬೆಸೆದು, ಮೇಲೆ ವಜ್ರಾಕೃತಿಯ ಪ್ಲೇಟ್ ಕೂಡಿಸಬೇಕು. ಚಾಸಿಸ್‌ಗೆ ಅಡ್ಡಲಾಗಿ ನೆಟ್ಟಗೆ ಇಳಿಯುವ ಬೆಸುಗೆ ಇರಬಾರದು. ಹೊರೆ ಬಿದ್ದು ಬಾಗಿದಾಗ ಚಾಸಿಸ್ ಆ ಗೆರೆಯಲ್ಲೇ ಒಡೆಯುತ್ತದೆ. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ಬಿಡಿಸಿ, ಇಂಧನದ ಪೈಪು, ಬ್ರೇಕ್ ಪೈಪುಗಳನ್ನು ದೂರ ಸರಿಸಿ.

ಎಣ್ಣೆಗಳ ವಿಷಯ ಚಿಕ್ಕದು. ಯಾವುದೇ ಎಣ್ಣೆ ಇಳಿಸುವ ಮೊದಲು ತುಂಬುವ ನಟ್ ಬಿಚ್ಚಿ. ಇಳಿಸಿದ ಮೇಲೆ ಅದು ಬರದಿದ್ದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ 80ಡಬ್ಲ್ಯು-90 ಜಿಎಲ್-5 ದರ್ಜೆಯ ಎಣ್ಣೆ. ಹಳೆಯ ಗೇರ್‌ಬಾಕ್ಸ್‌ಗೆ ಜಿಎಲ್-4 ಹೇಳಿದ್ದರೆ ಅದನ್ನೇ ಹಾಕಿ, ಜಿಎಲ್-5ರಲ್ಲಿರುವ ಗಂಧಕದ ಅಂಶ ಕೆಲವು ಸಲ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗ್‌ಗಳನ್ನು ತಿನ್ನುತ್ತದೆ. ಹೊರಬಂದ ಎಣ್ಣೆ ಹಾಲು ಬೆರೆಸಿದಂತಿದ್ದರೆ ನೀರು ಸೇರಿದೆ. ಮ್ಯಾಗ್ನೆಟ್ ನಟ್‌ಗೆ ನುಣ್ಣನೆಯ ಬೂದು ಲೇಪ ಅಂಟಿದ್ದರೆ ಸಹಜ. ಚೂರು ಚಕ್ಕೆ ಕಂಡರೆ ಒಳಗೆ ಹಲ್ಲು ಅಥವಾ ಬೇರಿಂಗ್ ಒಡೆಯುತ್ತಿದೆ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ: ಅದು ಗಾಳಿಯ ತೇವ ಹೀರುತ್ತದೆ, ಉದ್ದನೆಯ ಇಳಿಜಾರಿನಲ್ಲಿ ಆ ನೀರು ಕುದಿದು ಪೆಡಲ್ ತಳಕ್ಕೆ ಹೋಗುತ್ತದೆ. ರೇಡಿಯೇಟರ್‌ನ ಹೊರ ರೆಕ್ಕೆಗಳಲ್ಲಿ ಕೂತ ಮಣ್ಣನ್ನು ಇಂಜಿನ್ ಕಡೆಯಿಂದ ನೀರು ಬಿಟ್ಟು ತೊಳೆಯಿರಿ. ಲೋ ರೇಂಜ್‌ನಲ್ಲಿ (ಟ್ರಾನ್ಸ್‌ಫರ್ ಕೇಸ್‌ನ ನಿಧಾನದ ಗೇರ್‌ನಲ್ಲಿ) ತೆವಳುವಾಗ ಎದುರುಗಾಳಿ ಇರುವುದಿಲ್ಲ, ತಂಪು ಪೂರ್ತಿ ಫ್ಯಾನ್ ಮೇಲೆ ನಿಂತಿರುತ್ತದೆ.

ಇಷ್ಟಾದ ಮೇಲೆ ಟೈರ್. ದೊಡ್ಡದು ಹಾಕುವ ಮೊದಲು ಇರುವುದರ ಗಾಳಿ ಇಳಿಸಿ ನೋಡಿ. ನಿಮ್ಮಂಥ ಹಗುರ ಗಾಡಿಗೆ ಕಲ್ಲು ದಾರಿಯಲ್ಲಿ 20ರಿಂದ 22 ಪಿಎಸ್‌ಐ, ಮರಳಿನಲ್ಲಿ 15ರ ಆಸುಪಾಸು. 12ಕ್ಕಿಂತ ಕೆಳಗೆ ಇಳಿಸಿದರೆ ತಿರುವಿನಲ್ಲಿ ಟೈರ್ ರಿಮ್ ಬಿಟ್ಟು ಕಳಚುವ ಅಪಾಯವಿದೆ. ಗಾಳಿ ಕಡಿಮೆಯಾದಾಗ ಟೈರ್ ನೆಲಕ್ಕೆ ತಾಗುವ ಪಾದ ಉದ್ದವಾಗಿ ಎಳೆತ ಹೆಚ್ಚುತ್ತದೆ, ಚೂಪುಗಲ್ಲಿಗೆ ಬಗ್ಗಿಕೊಡುತ್ತದೆ. ಟಾರಿಗೆ ಬಂದೊಡನೆ ಮತ್ತೆ ತುಂಬಲೇಬೇಕು, ಇಲ್ಲವಾದರೆ ಟೈರಿನ ಪಕ್ಕೆ ಕಾದು ಸಿಡಿಯುತ್ತದೆ. ಆದ್ದರಿಂದ ಗೇಜ್ ಮತ್ತು ಪಂಪ್ ಮೊದಲು ಕೊಳ್ಳಿ.

ನೀವು ಕೇಳಿದ 235/75ರ ಲೆಕ್ಕ ನೋಡೋಣ. ಈಗಿನ ಟೈರಿನ ವ್ಯಾಸ ಸುಮಾರು 668 ಮಿ.ಮೀ., ಹೊಸದರದ್ದು 733. ಹೆಚ್ಚಳ ಶೇಕಡ 10ರ ಹತ್ತಿರ. ಅರ್ಧದಷ್ಟು, ಅಂದರೆ 33 ಮಿ.ಮೀ. ಮಾತ್ರ ಡಿಫರೆನ್ಷಿಯಲ್ ನೆಲದಿಂದ ಮೇಲೇಳುತ್ತದೆ. ಕಲ್ಲಿಗೆ ಬಡಿಯುವ ಆ ಗೋಳವನ್ನು ಎತ್ತುವುದು ಟೈರ್ ಮಾತ್ರ. ಸ್ಪ್ರಿಂಗ್ ಲಿಫ್ಟ್ ಎಷ್ಟು ಇಂಚು ಮಾಡಿದರೂ ಆಕ್ಸಲ್ ಇದ್ದಲ್ಲೇ ಇರುತ್ತದೆ. ಏರುವುದು ಚಾಸಿಸ್ ಮತ್ತು ಬಾಡಿ. ಇನ್ನೊಂದು ಕಡೆ, ಗೇರಿಂಗ್ ಅಷ್ಟೇ ಪ್ರಮಾಣದಲ್ಲಿ ಎತ್ತರವಾಗುತ್ತದೆ, ಅಂದರೆ ಇಂಜಿನ್‌ನ ಒಂದು ಸುತ್ತಿಗೆ ಗಾಡಿ ಹೆಚ್ಚು ದೂರ ಹೋಗುತ್ತದೆ. ಡಿಫರೆನ್ಷಿಯಲ್ ಅನುಪಾತ 4.1 ಇದ್ದರೆ 3.73 ಇದ್ದಂತೆ ವರ್ತಿಸುತ್ತದೆ. ಮೊದಲ ಗೇರ್ 3.6, ಲೋ ರೇಂಜ್ 2.5 ಎಂದಿಟ್ಟುಕೊಂಡರೆ, 800 ಆರ್‌ಪಿಎಂನಲ್ಲಿ ಗಂಟೆಗೆ 2.7 ಕಿ.ಮೀ. ತೆವಳುತ್ತಿದ್ದ ಗಾಡಿ ಈಗ 3 ಕಿ.ಮೀ. ಹೋಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಇಂಜಿನ್ ಹಿಡಿತ ಅಷ್ಟು ಕಡಿಮೆ, ಕ್ಲಚ್ ಮೇಲೆ ಹೊರೆ ಅಷ್ಟು ಜಾಸ್ತಿ, ಸ್ಪೀಡೋಮೀಟರ್ 60 ತೋರಿಸಿದಾಗ ನಿಜವಾದ ವೇಗ 66. ಬ್ರೇಕ್‌ಗೂ ಹೆಚ್ಚು ಕೆಲಸ. ನನ್ನ ಅಭಿಪ್ರಾಯದಲ್ಲಿ ನಿಮ್ಮ ಗಾಡಿಗೆ 215/75 ಸಾಕು. ವ್ಯಾಸ ಸುಮಾರು 703 ಮಿ.ಮೀ., ಗೇರಿಂಗ್ ಹೆಚ್ಚು ಕೆಡುವುದಿಲ್ಲ, ಬಹುಶಃ ಲಿಫ್ಟೇ ಬೇಕಾಗುವುದಿಲ್ಲ. ಯಾವುದನ್ನೇ ಹಾಕಿ, ಸ್ಟೆಪ್ನಿಯೂ ಅದೇ ಅಳತೆಯದಿರಲಿ. ಮುಂದೆ ಹಿಂದೆ ಬೇರೆ ಅಳತೆಯಾದರೆ ಫೋರ್ ವೀಲ್‌ನಲ್ಲಿ ನೇರ ಹೋಗುವಾಗಲೂ ಶಾಫ್ಟ್ ತಿರುಚಿಕೊಳ್ಳುತ್ತದೆ.

ಲಿಫ್ಟ್‌ಗಿಂತ ಮೊದಲು ಎಳೆಯುವ ಕೊಕ್ಕೆ. ಸಿಕ್ಕಿಬೀಳುವುದಂತೂ ಖಚಿತ, ಎಳೆಯುವಾಗಲೇ ಪ್ರಾಣ ಹೋಗುವ ಅಪಘಾತಗಳು ಆಗುವುದು. ಮುಂದೊಂದು ಹಿಂದೊಂದು ಸಾಮರ್ಥ್ಯ ಬರೆದಿರುವ ಕೊಕ್ಕೆಯನ್ನು ನೇರ ಚಾಸಿಸ್‌ಗೆ, ಕನಿಷ್ಠ ಎರಡು 10.9 ದರ್ಜೆಯ ಬೋಲ್ಟ್‌ಗಳಿಂದ, ಹಿಂದುಗಡೆ ದಪ್ಪ ಪ್ಲೇಟ್ ಕೊಟ್ಟು ಕೂಡಿಸಿ. ಟ್ರೇಲರ್ ಎಳೆಯುವ ಲೋಹದ ಉಂಡೆಗೆ ಎಂದೂ ಗಾಡಿ ಎಳೆಯುವ ಬಟ್ಟೆಯ ಪಟ್ಟಿ ಕಟ್ಟಬೇಡಿ. ಅದು ತುಂಡಾದರೆ ಗುಂಡಿನಂತೆ ಹಾರುತ್ತದೆ. ಲಾರಿಯಲ್ಲಿ ಸಾಗಿಸುವಾಗ ಕಟ್ಟಲೆಂದು ಇರುವ ತೆಳು ಉಂಗುರಗಳೂ ಇದಕ್ಕಲ್ಲ. ಪಟ್ಟಿಯನ್ನು ಕೊಕ್ಕೆಗೆ ಸೇರಿಸಲು 4.75 ಟನ್ ಗುರುತಿರುವ ಬಿಲ್ಲಿನಾಕಾರದ ಶ್ಯಾಕಲ್ (ಸ್ಪ್ರಿಂಗ್‌ನದಲ್ಲ, ಪಿನ್ ಹಾಕುವ ಉಕ್ಕಿನ ಕೊಂಡಿ) ಬಳಸಿ. ಪಿನ್ ಪೂರ್ತಿ ಬಿಗಿದು ಕಾಲು ಸುತ್ತು ಹಿಂದೆ ಬಿಡಿ, ಎಳೆದ ಮೇಲೆ ಸಿಕ್ಕಿಕೊಳ್ಳುವುದಿಲ್ಲ. ಎಳೆಯುವಾಗ ಪಟ್ಟಿಯ ನಡುವೆ ಭಾರದ ಕಂಬಳಿ ಹೊದಿಸಿ, ನಿಂತವರೆಲ್ಲ ಪಟ್ಟಿಯ ಉದ್ದದ ಒಂದೂವರೆ ಪಟ್ಟು ದೂರ ಹೋಗಲಿ.

ಇಷ್ಟರ ಮೇಲೂ ಕೆಳಭಾಗ ಬಡಿಯುತ್ತಿದ್ದರೆ 2 ಇಂಚು ಲಿಫ್ಟ್ ಮಾಡಿ. ಅದಕ್ಕಿಂತ ಹೆಚ್ಚು ಬೇಡ. ನಿಮ್ಮಲ್ಲಿನ ವಾಹನ ನಿಯಮ, ವಿಮೆಯ ಷರತ್ತು ಅದನ್ನು ಒಪ್ಪುತ್ತವೆಯೇ ಎಂದು ಮೊದಲೇ ತಿಳಿದುಕೊಳ್ಳಿ. ಸರಿಯಾದ ದಾರಿ ಹೆಚ್ಚು ಬಾಗಿನ ಹೊಸ ಸ್ಪ್ರಿಂಗ್ ಸೆಟ್. ಹಳೆಯ ದಣಿದ ಪಟ್ಟಿಗಳ ನಡುವೆ ಒಂದು ಗಟ್ಟಿ ಪಟ್ಟಿ ಸೇರಿಸಿದರೆ ಹೊರೆಯೆಲ್ಲ ಆ ಒಂದರ ಮೇಲೇ ಬಿದ್ದು ಅದು ತುಂಡಾಗುತ್ತದೆ. ಎತ್ತರಿಸಲೆಂದು ಮುಂದಿನ ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಬ್ಲಾಕ್ (ಲೋಹದ ದಿಮ್ಮಿ) ಇಡಲೇಬೇಡಿ. ಬ್ರೇಕ್ ಹೊಡೆದಾಗ ಆಕ್ಸಲ್ ಉರುಳಿ ಬ್ಲಾಕ್ ಜಾರಬಹುದು.

ಸ್ಪ್ರಿಂಗ್‌ಗೆ ಉದ್ದದ ಶ್ಯಾಕಲ್ ಸುಲಭವೆಂದು ಬಹಳ ಜನ ಹಾಕುತ್ತಾರೆ. 50 ಮಿ.ಮೀ. ಉದ್ದ ಮಾಡಿದರೆ ಸಿಗುವುದು 25 ಮಿ.ಮೀ. ಎತ್ತರ ಮಾತ್ರ, ಜೊತೆಗೆ ಆಕ್ಸಲ್ ವಾಲುತ್ತದೆ. ಮುಂದಿನ ಸ್ಪ್ರಿಂಗ್‌ನ ಶ್ಯಾಕಲ್ ಮುಂತುದಿಯಲ್ಲಿರುವ ಗಾಡಿಯಲ್ಲಿ ಕಿಂಗ್ ಪಿನ್‌ನ ತಲೆ ಮುಂದಕ್ಕೆ ವಾಲಿ ಕ್ಯಾಸ್ಟರ್ ಕೋನ (ಕಿಂಗ್ ಪಿನ್‌ನ ತಲೆ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ. ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ನೀವು ಈಗಷ್ಟೇ ಕಳೆದುಕೊಂಡ ನಡುಕ ಮರಳುತ್ತದೆ. ಸ್ಪ್ರಿಂಗ್ ಮತ್ತು ಆಕ್ಸಲ್ ಪೀಠದ ನಡುವೆ ಉಕ್ಕಿನ ಬೆಣೆ ಇಟ್ಟು ಸರಿಪಡಿಸಬಹುದು: ಸ್ಪ್ರಿಂಗ್ ಆಕ್ಸಲ್‌ನ ಕೆಳಗಿದ್ದರೆ ಬೆಣೆಯ ದಪ್ಪ ತುದಿ ಮುಂದಕ್ಕೆ, ಮೇಲಿದ್ದರೆ ಹಿಂದಕ್ಕೆ. ಆದರೆ ಕ್ಯಾಸ್ಟರ್ ಹೆಚ್ಚಿಸಿದಷ್ಟೂ ಡಿಫರೆನ್ಷಿಯಲ್‌ನ ಮೂತಿ ಕೆಳಗೆ ಬಾಗಿ ಮುಂದಿನ ಪ್ರೊಪೆಲ್ಲರ್ ಶಾಫ್ಟ್‌ನ (ಆಕ್ಸಲ್‌ಗೆ ಬಲ ಒಯ್ಯುವ ಉದ್ದ ಶಾಫ್ಟ್‌ನ) ತುದಿಯ ಕೀಲಾದ ಕ್ರಾಸ್ ಹೆಚ್ಚು ಕೋನದಲ್ಲಿ ಒದ್ದಾಡುತ್ತದೆ. ಎರಡರ ನಡುವೆ ಹೊಂದಾಣಿಕೆ ಮಾಡಬೇಕು, ಎರಡೂ ಪೂರ್ತಿ ಸಿಗುವುದಿಲ್ಲ. 2 ಇಂಚಿಗಿಂತ ಹೆಚ್ಚು ಬೇಡವೆಂದದ್ದು ಮುಖ್ಯವಾಗಿ ಈ ಕಾರಣಕ್ಕೆ.

ಸ್ಪ್ರಿಂಗ್ ಕೂಡಿಸುವಾಗ ಯು ಬೋಲ್ಟ್‌ಗಳನ್ನು ಹೊಸದಾಗಿಯೇ ಹಾಕಿ. ಒಮ್ಮೆ ಹಿಗ್ಗಿದ ಬೋಲ್ಟ್ ಮತ್ತೆ ಅದೇ ಬಿಗಿ ಹಿಡಿಯುವುದಿಲ್ಲ. ರಬ್ಬರ್ ಬುಷ್‌ನ ಬೋಲ್ಟ್‌ಗಳನ್ನು ಗಾಡಿ ನೆಲಕ್ಕೆ ಇಳಿದು ಭಾರ ಬಿದ್ದ ಮೇಲೆಯೇ ಕೊನೆಯ ಬಿಗಿ ಕೊಡಿ. ಜೋತಾಡುವಾಗ ಬಿಗಿದರೆ ಬುಷ್ ಸದಾ ತಿರುಚಿದ ಸ್ಥಿತಿಯಲ್ಲೇ ಇದ್ದು ಬೇಗ ಹರಿಯುತ್ತದೆ. ಆಮೇಲೆ ಚಾಸಿಸ್ ಎತ್ತಿ ಆಕ್ಸಲ್ ಪೂರ್ತಿ ಜೋಲುವಂತೆ ಬಿಟ್ಟು, ಸ್ಟೀರಿಂಗ್ ಅನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ನೋಡಿ: ಬ್ರೇಕ್ ಹೋಸ್ ಬಿಗಿಯಾಗುತ್ತಿದ್ದರೆ ಉದ್ದದ್ದು ಬೇಕು, ಪ್ರೊಪೆಲ್ಲರ್ ಶಾಫ್ಟ್‌ನ ಜಾರುವ ಹಲ್ಲುಗಳು ಇನ್ನೂ ಸಾಕಷ್ಟು ಒಳಗಿರಬೇಕು, ಶಾಕ್ ಅಬ್ಸಾರ್ಬರ್ ಕೊನೆ ಮುಟ್ಟಿ ಆಕ್ಸಲ್ ಅನ್ನು ಅದೇ ಹಿಡಿದಿಟ್ಟಿರಬಾರದು. ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗಲೂ ಬಂಪ್ ಸ್ಟಾಪ್ (ಆಕ್ಸಲ್ ಅನ್ನು ತಡೆಯುವ ರಬ್ಬರ್ ತುಂಡು) ಮೊದಲು ತಾಗಬೇಕು, ಆಗ ಶಾಕ್‌ನಲ್ಲಿ ಇನ್ನೂ 25 ಮಿ.ಮೀ. ಓಟ ಉಳಿದಿರಲಿ. ಹಿಂದಿನ ಆಕ್ಸಲ್‌ಗೆ ಸರಳು ಜೋಡಿಸಿದ ಬ್ರೇಕ್ ವಾಲ್ವ್ ಇದ್ದರೆ ಅದರ ಸರಳನ್ನೂ ಅಷ್ಟೇ ಹೊಂದಿಸಿ. ಇಲ್ಲವಾದರೆ ಏರಿದ ಗಾಡಿಯನ್ನು ಅದು ಖಾಲಿ ಗಾಡಿಯೆಂದು ಎಣಿಸಿ ಹಿಂದಿನ ಬ್ರೇಕ್ ತಗ್ಗಿಸುತ್ತದೆ. ಸ್ಟೀರಿಂಗ್ ಚಕ್ರ ಸೊಟ್ಟಗಾಗಿದ್ದರೆ ಅದನ್ನು ಕಿತ್ತು ನೇರ ಕೂಡಿಸಬೇಡಿ, ಡ್ರ್ಯಾಗ್ ಲಿಂಕ್‌ನ ಉದ್ದ ಬದಲಿಸಿ ನೇರ ಮಾಡಿ. ಹಾಗೆ ಮಾಡಿದರೆ ಸ್ಟೀರಿಂಗ್ ಬಾಕ್ಸ್ ತನ್ನ ನಡುಬಿಂದುವಿನಲ್ಲೇ ಉಳಿಯುತ್ತದೆ.

ಮೊದಲ 100 ಕಿ.ಮೀ. ಆದ ಮೇಲೆ ಯು ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಿಂದ ಒಂದು ಮೂಲೆಯಿಂದ ಎದುರು ಮೂಲೆಗೆ ಹೋಗುವ ಕ್ರಮದಲ್ಲಿ ಮತ್ತೆ ಬಿಗಿಯಿರಿ, 500 ಕಿ.ಮೀ.ಗೆ ಇನ್ನೊಮ್ಮೆ. ಆಳದ ನೀರು ದಾಟಿದ ಮರುದಿನ ನಾಲ್ಕೂ ಎಣ್ಣೆಗಳ ಬಣ್ಣ ನೋಡಿ, ಕ್ರಾಸ್‌ಗಳಿಗೆ ನಾಲ್ಕೂ ಬಾಯಿಂದ ಹೊಸ ಗ್ರೀಸ್ ಹೊರಬರುವ ತನಕ ಗನ್ ಒತ್ತಿ, ಹಿಂದಿನ ಡ್ರಮ್ ಬಿಚ್ಚಿ ಕೆಸರು ತೊಳೆಯಿರಿ.